ಎಷ್ಟು ಗಂಟೆ ಓದಬೇಕು ಸರ್?

ಬ್ಯಾಂಕ್ ನೌಕರರ ಜೆಎಐಐಬಿ ಪರೀಕ್ಷೆಗೆ ಹೆಸರು ನೋಂದಾಯಿಸುವ ದಿನಗಳು ಬಂದವೆಂದರೆ ನಮ್ಮ ಶಾಖೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: “ದಿನಕ್ಕೆ ಎಷ್ಟು ಗಂಟೆ ಓದಬೇಕು ಸರ್?” ಕೇಳುವವರಲ್ಲಿ ಪ್ರೊಬೇಷನ್ ಮುಗಿಸಿದ ಹೊಸಬರಿರುತ್ತಾರೆ, ಮದುವೆ ಮಕ್ಕಳ ನಡುವೆ ಪರೀಕ್ಷೆಯನ್ನು ಮುಂದೂಡುತ್ತಲೇ ಬಂದವರಿರುತ್ತಾರೆ, ಹದಿನೈದು ವರ್ಷ ಕ್ಯಾಶ್ ಕೌಂಟರಿನಲ್ಲಿ ಕುಳಿತು ಈಗ ಪ್ರಮೋಷನ್ನಿನ ಯೋಚನೆ ಬಂದು ಪುಸ್ತಕ ಹಿಡಿದವರೂ ಇರುತ್ತಾರೆ. ಅದರ ಮುಂದಿನ ಹಂತವಾದ ಸಿಎಐಐಬಿ ಮುಗಿಸಿದವನು ಎಂಬ ಒಂದೇ ಅರ್ಹತೆಯ ಮೇಲೆ ಈ ಪ್ರಶ್ನೆ ನನ್ನ ಮೇಜಿಗೆ ಬರುತ್ತದೆ. “ಎರಡು ಗಂಟೆ ಓದಿದರೆ ಸಾಕು” ಎಂದರೆ ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಅದೇ ಎರಡು ಗಂಟೆ ಓದಿದ ಇಬ್ಬರಲ್ಲಿ ಒಬ್ಬರು ನಾಲ್ಕೂ ಪತ್ರಿಕೆಗಳನ್ನು ಒಂದೇ ಏಟಿಗೆ ಮುಗಿಸುತ್ತಾರೆ, ಇನ್ನೊಬ್ಬರು ಪಾಸಾಗಲು ಐವತ್ತು ಅಂಕ ಬೇಕಿರುವಲ್ಲಿ ನಲವತ್ತೆರಡು ನಲವತ್ನಾಲ್ಕರ ಸುತ್ತಲೇ ಸುತ್ತುತ್ತಿರುತ್ತಾರೆ. ಹೀಗೆ ಸುತ್ತುವವರಲ್ಲಿ ಕೆಲಸ ಬಾರದವರು ಕಡಿಮೆ ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಶಾಖೆಯಲ್ಲಿ ಏನೇ ತೊಡಕು ಬಂದರೂ ಮ್ಯಾನೇಜರ್ ಮೊದಲು ಯಾರನ್ನು ಕೂಗುತ್ತಾರೋ ಅವರೇ, ನಿತ್ಯ ಮಾಡುವ ಕೆಲಸವನ್ನೇ ಕೇಳುವ ‘ಪ್ರಿನ್ಸಿಪಲ್ಸ್ ಅಂಡ್ ಪ್ರಾಕ್ಟೀಸಸ್ ಆಫ್ ಬ್ಯಾಂಕಿಂಗ್’ ಪತ್ರಿಕೆಯಲ್ಲಿ ನಪಾಸಾಗುತ್ತಾರೆ.

ಬ್ಯಾಂಕಿನಲ್ಲಿಲ್ಲದ ಓದುಗರಿಗಾಗಿ ಇಷ್ಟು ಹೇಳಿ ಮುಂದುವರಿಯುತ್ತೇನೆ. 1928ರಲ್ಲಿ ಆರಂಭವಾದ, ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ ಎಂದು ಕರೆಸಿಕೊಳ್ಳುವ ಸಂಸ್ಥೆ ಬ್ಯಾಂಕ್ ನೌಕರರಿಗೆ ನಡೆಸುವ ಪರೀಕ್ಷೆ ಇದು. 2023ರಿಂದ ನಾಲ್ಕು ಪತ್ರಿಕೆಗಳಿವೆ. ಒಂದೊಂದಕ್ಕೂ ಎರಡು ಗಂಟೆ, ನೂರು ಪ್ರಶ್ನೆ, ನೂರು ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಪಾಸಾದರೆ ಸಂಬಳದಲ್ಲಿ ಒಂದು ಇಂಕ್ರಿಮೆಂಟ್ ಸೇರುತ್ತದೆ, ಮುಂದೆ ಸಿಎಐಐಬಿಗೆ ಬಾಗಿಲು ತೆರೆಯುತ್ತದೆ. ಕೇಳಲು ಸುಲಭವೆನಿಸುವ ಈ ಪರೀಕ್ಷೆ ದುಡಿಯುವವರಿಗೆ ಏಕೆ ಕಷ್ಟವಾಗುತ್ತದೆ ಎಂದು ನೋಡುತ್ತಾ ಬಂದಂತೆ, ಅದರ ಕಾರಣ ಸಮಯದ ಅಭಾವದಲ್ಲಿ ಇದೆ ಎಂಬ ಮಾತಿನ ಮೇಲೆ ನನಗೆ ನಂಬಿಕೆ ಕಡಿಮೆಯಾಗುತ್ತಾ ಹೋಗಿದೆ.

ಕೌಂಟರಿನ ಉತ್ತರ, ಪುಸ್ತಕದ ಉತ್ತರ

ನಮ್ಮದು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನ ಶಾಖೆ. ಸಂಜೆ ಕ್ಯಾಶ್ ಟ್ಯಾಲಿಯಾಗಿ, ಸೇಫ್ ಬೀಗ ಹಾಕಿದ ಮೇಲೆ ಡೇ ಎಂಡ್ ಆಗುವವರೆಗೆ ಸ್ವಲ್ಪ ಹೊತ್ತು ಸಿಗುತ್ತದೆ. ಅಂಥ ಒಂದು ಸಂಜೆ ಸಿಂಗಲ್ ವಿಂಡೋ ಕೌಂಟರಿನಲ್ಲಿ ಕೂರುವ ಹುಡುಗಿ ತನ್ನ ಪುಸ್ತಕ ತಂದು ನನ್ನ ಮುಂದಿಟ್ಟಳು. ಚೆಕ್ಕುಗಳ ಬಗೆಗಿನ ಅಧ್ಯಾಯವನ್ನು ಮೂರನೆಯ ಸಲ ಓದಿ ಮುಗಿಸಿದ್ದಾಳೆ. ಪುಟ ಪುಟವೂ ಹಳದಿ. ಹೈಲೈಟರ್ ತಾಗದ ಸಾಲುಗಳನ್ನು ಹುಡುಕಬೇಕಿತ್ತು. ಪುಸ್ತಕ ಮುಚ್ಚಿ, “ಚೆಕ್ಕಿನಲ್ಲಿ ಮೊತ್ತ ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಇನ್ನೊಂದು ಇದ್ದರೆ?” ಎಂದು ಕೇಳಿದೆ. ಅರೆಗಳಿಗೆಯೂ ತಡೆಯದೆ ಉತ್ತರ ಬಂತು: “ರಿಟರ್ನ್ ಮಾಡ್ತೀವಿ ಸರ್. ವರ್ಡ್ಸ್ ಅಂಡ್ ಫಿಗರ್ಸ್ ಡಿಫರ್ ಅಂತ ಮೆಮೊ ಹಾಕಿ.” ಕೌಂಟರಿನಲ್ಲಿ ಅದು ಸರಿಯಾದ ಉತ್ತರವೇ, ನಾನಿದ್ದರೂ ಹಾಗೇ ಮಾಡುತ್ತೇನೆ. ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೆಯ ಸೆಕ್ಷನ್ ಹೇಳುವುದು ಬೇರೆ: ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸವಿದ್ದರೆ ಅಕ್ಷರದಲ್ಲಿ ಬರೆದ ಮೊತ್ತವೇ ಪಾವತಿಸಬೇಕಾದ ಮೊತ್ತ. ಕಾಯ್ದೆಯ ಪ್ರಕಾರ ಏನೆಂದು ಪರೀಕ್ಷೆ ಕೇಳಿದರೆ ಈ ಉತ್ತರವನ್ನೇ ಆರಿಸಬೇಕು. ಪುಸ್ತಕ ತೆರೆದು ನೋಡಿದರೆ ಆ ಸಾಲಿಗೆ ಆಕೆ ಹಳದಿ ಬಳಿದದ್ದಲ್ಲದೆ ಪಕ್ಕದಲ್ಲಿ ನಕ್ಷತ್ರವನ್ನೂ ಹಾಕಿದ್ದಳು. “ಅಯ್ಯೋ, ಇದು ನನಗೆ ಗೊತ್ತಿತ್ತು ಸರ್” ಎಂದಳು.

ಗೊತ್ತಿತ್ತು ಎಂಬ ಆ ಮಾತು ಸುಳ್ಳಲ್ಲ. ಪುಟ ತೆರೆದಿದ್ದಾಗ ಅದು ಗೊತ್ತಿತ್ತು. ದಿನಾ ಪಾಸ್‌ಬುಕ್ ಎಂಟ್ರಿಗೆ ಬರುವ ಗ್ರಾಹಕರ ಮುಖ ಕಂಡೊಡನೆ ಪರಿಚಯದ ನಗೆ ಬರುತ್ತದೆ, ಆದರೆ ಸಂಜೆ ಯಾರಾದರೂ ಅವರ ಹೆಸರು ಕೇಳಿದರೆ ನಾಲಿಗೆಯ ತುದಿಗೂ ಬರುವುದಿಲ್ಲ. ಮೂರು ಸಲ ಓದಿದ ಅಧ್ಯಾಯದ ಜೊತೆ ನಮಗಿರುವುದು ಇಂಥದೇ ಮುಖಪರಿಚಯ. ಬ್ಯಾಂಕ್ ನೌಕರರಿಗೆ ಇದರ ಮೇಲೆ ಇನ್ನೊಂದು ತೊಡಕು ಸೇರುತ್ತದೆ. ಪಠ್ಯದ ಅರ್ಧ ಭಾಗ ಅವರು ಹಗಲೆಲ್ಲ ಕೈಯಾರೆ ಮಾಡುವ ಕೆಲಸ. ಕೆವೈಸಿ, ನಾಮಿನೇಷನ್, ಜಾಯಿಂಟ್ ಅಕೌಂಟ್, ವಸೂಲಾಗದೆ ನಿಂತ ಸಾಲವೆಂಬ ಎನ್‌ಪಿಎ ಎಂಬ ತಲೆಬರಹ ಕಂಡೊಡನೆ ಇದೆಲ್ಲ ನಮ್ಮದೇ ಎಂದು ಮನಸ್ಸು ಸಡಿಲಗೊಳ್ಳುತ್ತದೆ, ಕಣ್ಣು ಸಾಲುಗಳ ಮೇಲೆ ಜಾರುತ್ತದೆ. ಪರೀಕ್ಷೆ ಕೇಳುವುದು ಮಾತ್ರ ಕೈಗೆ ರೂಢಿಯಾದ ಕ್ರಮದ ಹಿಂದಿರುವ ನಿಯಮವನ್ನು, ಆ ನಿಯಮಕ್ಕಿರುವ ಅಪವಾದವನ್ನು.

ನಮ್ಮಲ್ಲಿ ಬೆಳೆಸಾಲ ನೋಡುವ ಅಧಿಕಾರಿಯೊಬ್ಬರಿಗೆ ಇದೇ ಆಯಿತು. ಎನ್‌ಪಿಎ ಎಂದರೆ 90 ದಿನ ಮೀರಿದ ಬಾಕಿ ಎಂಬುದು ಬ್ಯಾಂಕಿನ ಜವಾನರಿಗೂ ಗೊತ್ತು. ಆದರೆ ಅಲ್ಪಾವಧಿ ಬೆಳೆಗೆ ಕೊಟ್ಟ ಸಾಲ ಎನ್‌ಪಿಎ ಆಗುವುದು ಕಂತು ಅಥವಾ ಬಡ್ಡಿ ಎರಡು ಬೆಳೆ ಹಂಗಾಮುಗಳಷ್ಟು ಕಾಲ ಬಾಕಿ ಉಳಿದಾಗ. ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು. ಮೆಕ್ಕೆಜೋಳದ ಸಾಲಗಳನ್ನು ವರ್ಷಗಟ್ಟಲೆ ನೋಡಿಕೊಂಡ ಆ ಮನುಷ್ಯ ಮಾಕ್ ಟೆಸ್ಟಿನಲ್ಲಿ 90 ದಿನ ಎಂದು ಗುರುತು ಹಾಕಿದರು. ಯಾವ ಖಾತೆ ಯಾವಾಗ ಎನ್‌ಪಿಎ ಆಗುತ್ತದೆ ಎಂಬುದನ್ನು ಸಿಸ್ಟಮ್ಮೇ ಲೆಕ್ಕ ಹಾಕಿ ಪಟ್ಟಿ ತೆಗೆದುಕೊಡುವುದರಿಂದ, ಆ ನಿಯಮವನ್ನು ಅವರ ತಲೆ ತಾನಾಗಿ ಹೊರತೆಗೆಯಬೇಕಾದ ಸಂದರ್ಭವೇ ಬಂದಿರಲಿಲ್ಲ.

ಪುಸ್ತಕ ಮುಚ್ಚುವ ಕೆಲಸ

ಓದು ಮತ್ತು ಮರೆವಿನ ಬಗ್ಗೆ ಸಂಶೋಧಕರು ಹೇಳಿರುವುದು ಈ ಅನುಭವಕ್ಕೆ ಹೊಂದಿಕೊಳ್ಳುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಸ್ವತಃ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತವೆಂದು ಅಳೆದು 1885ರಲ್ಲಿ ಪ್ರಕಟಿಸಿದ ವಿವರಗಳಲ್ಲಿ ಮರೆವು ಮೊದಲ ಗಂಟೆಗಳಲ್ಲಿ, ಮೊದಲ ದಿನದಲ್ಲಿ ಕಡಿದಾಗಿ ಇಳಿದು ಆಮೇಲೆ ನಿಧಾನವಾಗುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಕೊಟ್ಟು, ಕೆಲವನ್ನು ಎರಡನೆಯ ಸಲ ಓದಿಸಿದರು, ಕೆಲವನ್ನು ಓದಿಸದೆ ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರ ಕಳೆದು ಪರೀಕ್ಷಿಸಿದಾಗ ಲೆಕ್ಕ ತಿರುಗಿಬಿತ್ತು: ಮತ್ತೆ ಓದಿದ್ದರಲ್ಲಿ ಶೇಕಡ 42ರಷ್ಟು ಉಳಿದಿದ್ದರೆ, ಒಮ್ಮೆ ಓದಿ ಬರೆದು ನೋಡಿದ್ದರಲ್ಲಿ 56ರಷ್ಟು ಉಳಿದಿತ್ತು. ಪದೇ ಪದೇ ಓದಿದವರಿಗೇ ತಮಗೆ ಹೆಚ್ಚು ನೆನಪಿರುತ್ತದೆ ಎಂಬ ಭರವಸೆ ಹೆಚ್ಚಿತ್ತು ಎಂಬುದು ಆ ಪ್ರಯೋಗದಲ್ಲಿ ನನಗೆ ಮುಖ್ಯವಾಗಿ ಕಂಡ ಭಾಗ. 2013ರಲ್ಲಿ ಡನ್ಲಾಸ್ಕಿ ಮತ್ತು ಅವರ ಸಂಗಡಿಗರು ಹತ್ತು ಬಗೆಯ ಓದಿನ ವಿಧಾನಗಳನ್ನು ತೂಗಿ ನೋಡಿದಾಗ ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕೆಳಗಿನ ಸಾಲಿಗೆ ಹೋದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ಹಲವು ದಿನಗಳಿಗೆ ಹಂಚುವುದು ಮೇಲಿನ ಸಾಲಿಗೆ ಬಂದವು.

ಇದನ್ನು ಶಾಖೆಯ ಮಟ್ಟಕ್ಕೆ ತಂದರೆ ಮಾಡಬೇಕಾದದ್ದು ಸರಳ, ಆದರೆ ಮನಸ್ಸಿಗೆ ಹಿತವಲ್ಲ. ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ಹಳೆಯ ವೋಚರಿನ ಹಿಂಬದಿಯಲ್ಲಾದರೂ ಸರಿ, ನೆನಪಿದ್ದಷ್ಟನ್ನು ಬರೆಯಬೇಕು. ಮೊದಲ ದಿನ ಏನೂ ಬರುವುದಿಲ್ಲ. ಹೈಲೈಟರ್ ಹಿಡಿದಾಗ ಸಿಗುವ ‘ಇವತ್ತು ಮೂವತ್ತು ಪುಟ ಮುಗಿಸಿದೆ’ ಎಂಬ ಸಂತೋಷ ಇಲ್ಲಿ ಸಿಗುವುದಿಲ್ಲ. ಮೂರು ಪುಟಕ್ಕೇ ಮುಕ್ಕಾಲು ಗಂಟೆ ಹೋಗುತ್ತದೆ, ಸಿಗುವುದು ತನಗೆಷ್ಟು ಗೊತ್ತಿಲ್ಲ ಎಂಬ ಲೆಕ್ಕ. ಎರಡು ದಿನಕ್ಕೇ ಬಿಟ್ಟು ಮತ್ತೆ ಹಳದಿ ಬಣ್ಣಕ್ಕೆ ಮರಳುವವರೇ ಹೆಚ್ಚು. ಅವರು ಸೋಮಾರಿಗಳೆಂದು ನಾನು ಹೇಳಲಾರೆ. ಹತ್ತು ಗಂಟೆ ದುಡಿದು ಬಂದವರಿಗೆ ರಾತ್ರಿ ಒಂಬತ್ತಕ್ಕೆ ತಮ್ಮ ಅಜ್ಞಾನವನ್ನು ಎದುರಿಸುವ ಉತ್ಸಾಹ ಉಳಿದಿರುವುದಿಲ್ಲ.

ಆ ಕೌಂಟರಿನ ಹುಡುಗಿಗೆ ನಾನು ಬೇರೆ ದಾರಿ ಹೇಳಿದೆ. ಹಗಲಿನಲ್ಲಿ ಕೌಂಟರಿಗೆ ಬಂದ ಒಂದು ಸಂಗತಿಯನ್ನು ಚೀಟಿಯಲ್ಲಿ ಗುರುತು ಮಾಡಿಕೊಳ್ಳುವುದು, ಸಂಜೆ ಪುಸ್ತಕ ತೆರೆಯುವ ಮೊದಲೇ ಅದರ ಹಿಂದಿನ ನಿಯಮವನ್ನು ಊಹಿಸಿ ಬರೆಯುವುದು, ಆಮೇಲೆ ಪುಸ್ತಕದೊಂದಿಗೆ ತಾಳೆ ನೋಡುವುದು. ವಾಪಸಾದ ಚೆಕ್ಕಿನ ಮೆಮೊ ತೆಗೆದುಕೊಂಡು ಹೋದ ವ್ಯಾಪಾರಿಯೊಬ್ಬರು “ಈಗ ನಾವೇನ್ ಮಾಡ್ಬೇಕ್ರೀ ಮೇಡಂ?” ಎಂದು ಕೇಳಿದ್ದರಂತೆ. ಆ ಒಂದು ಪ್ರಶ್ನೆಯಿಂದ ಚೆಕ್ಕಿನ ಅದೇ ಕಾಯ್ದೆಯ 138ನೆಯ ಸೆಕ್ಷನ್ ಪೂರ್ತಿ ಬಂತು: ಚೆಕ್ಕು ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು, ನೋಟಿಸು ಕೈಸೇರಿದ ಮೇಲೆ ಹಣ ಕೊಡಲು 15 ದಿನ, ಆಗಲೂ ಕೊಡದಿದ್ದರೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಬಿಡಿಬಿಡಿಯಾಗಿ ಓದಿದರೆ ಈ 30, 15, ಒಂದು ತಿಂಗಳು, ಅಡವಿಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡುವ ಸರ್ಫೇಸಿ ಕಾಯ್ದೆಯ 13(2) ನೋಟಿಸಿನ 60 ದಿನ, ಗ್ರಾಹಕರ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ಹೋಗುವ ಮುನ್ನ ಬ್ಯಾಂಕಿನ ಉತ್ತರಕ್ಕೆ ಕಾಯಬೇಕಾದ 30 ದಿನ ಎಲ್ಲವೂ ಒಂದರೊಳಗೊಂದು ಕಲಸಿಹೋಗುತ್ತವೆ. ಆ ವ್ಯಾಪಾರಿ ಮೆಮೊ ಮಡಚಿ ಜೇಬಿಗಿಟ್ಟುಕೊಂಡು ವಕೀಲರ ಬಳಿ ಹೋದ ದಾರಿಯಲ್ಲೇ ಜೋಡಿಸಿಕೊಂಡರೆ ಒಂದರ ಹಿಂದೆ ಒಂದು ಬರುತ್ತವೆ.

ಮಾರ್ಚ್ ಕ್ಲೋಸಿಂಗ್, ಏಪ್ರಿಲ್ ಟ್ರಾನ್ಸ್‌ಫರ್

ಸಮಯದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದೂ ಸುಳ್ಳು ತೊಂದರೆಯಲ್ಲ. ವರ್ಷಕ್ಕೆ ಎರಡು ಸಲ ನಡೆಯುವ ಈ ಪರೀಕ್ಷೆಯ ಒಂದು ಸುತ್ತು ಬೇಸಿಗೆಯಲ್ಲಿ ಬರುತ್ತದೆ. ಅದಕ್ಕೆ ಹಿಂದಿನ ತಿಂಗಳುಗಳನ್ನು ನೋಡಿ: ಫೆಬ್ರವರಿಯಿಂದಲೇ ವಸೂಲಾತಿಯ ಓಡಾಟ, ಮಾರ್ಚ್ 31ರ ಕ್ಲೋಸಿಂಗ್, ಏಪ್ರಿಲ್‌ನಲ್ಲಿ ಆಡಿಟ್, ಅದರ ಬೆನ್ನಿಗೇ ಟ್ರಾನ್ಸ್‌ಫರ್ ಆರ್ಡರ್. ಕ್ಲೋಸಿಂಗ್ ಮುಗಿಯಲಿ, ಆಮೇಲೆ ಕುಳಿತು ಓದುತ್ತೇನೆ ಎನ್ನುವ ಯೋಜನೆ ಎಲ್ಲ ಶಾಖೆಗಳಲ್ಲೂ ಪ್ರತಿ ವರ್ಷ ತಯಾರಾಗುತ್ತದೆ. ಆ ‘ಆಮೇಲೆ’ ಬಂದಾಗ ಒಬ್ಬರು ಸಾಮಾನು ಕಟ್ಟುತ್ತಿರುತ್ತಾರೆ, ಇನ್ನೊಬ್ಬರು ರಜೆಯಲ್ಲಿ ಹೋದವರ ಕೌಂಟರನ್ನೂ ನೋಡಿಕೊಳ್ಳುತ್ತಿರುತ್ತಾರೆ. ಉಳಿದದ್ದು ಎರಡನೆಯ ಮತ್ತು ನಾಲ್ಕನೆಯ ಶನಿವಾರ, ಭಾನುವಾರ. ಆ ದಿನಗಳಿಗೂ ಮದುವೆ, ಗೃಹಪ್ರವೇಶ, ಊರ ಜಾತ್ರೆ ಕಾದಿರುತ್ತವೆ.

ಬೆಳಗಿನ ಐದಕ್ಕೇ ಏಳಿ ಎಂಬ ಉಪದೇಶ ಈ ಹಂತದಲ್ಲಿ ತಪ್ಪದೆ ಬರುತ್ತದೆ. ಅದನ್ನು ಕೊಡುವವರು ಸಾಮಾನ್ಯವಾಗಿ ಗಂಡಸರು, ಎದ್ದಾಗ ಕೈಗೆ ಕಾಫಿ ಬರುವ ಮನೆಯವರು. ಐದಕ್ಕೆ ಎದ್ದು ಮಕ್ಕಳ ಡಬ್ಬಿ ಕಟ್ಟಿ, ಏಳೂಮುಕ್ಕಾಲರ ಬಸ್ಸು ಹಿಡಿಯುವ ನಮ್ಮ ಮಹಿಳಾ ಸಹೋದ್ಯೋಗಿಗಳಿಗೆ ಈ ಮಾತು ಹೇಳಲು ನನಗೆ ನಾಚಿಕೆಯಾಗುತ್ತದೆ. ಅವರಲ್ಲಿ ಪಾಸಾದವರನ್ನು ಗಮನಿಸಿದರೆ ಯಾರೂ ದೊಡ್ಡ ಗಂಟುಗಳಲ್ಲಿ ಸಮಯ ಕೊಟ್ಟವರಲ್ಲ. ರಾಣೆಬೆನ್ನೂರಿನಿಂದ ಹಾವೇರಿಯ ಕಡೆಗೆ ದಿನಾ ಓಡಾಡುವ ಒಬ್ಬರು ಬಸ್ಸಿನಲ್ಲಿ ಪುಸ್ತಕ ತೆರೆಯುತ್ತಿರಲಿಲ್ಲ. ಓಡುವ ಬಸ್ಸಿನಲ್ಲಿ ಓದಿದರೆ ತಲೆ ತಿರುಗುತ್ತದೆ. ಹಿಂದಿನ ರಾತ್ರಿ ಬರೆದ ಹತ್ತು ಪ್ರಶ್ನೆಗಳ ಚೀಟಿಯನ್ನು ಹತ್ತುವಾಗ ಒಮ್ಮೆ ನೋಡಿ, ಕಣ್ಣು ಮುಚ್ಚಿ ಉತ್ತರ ನೆನೆಸಿಕೊಳ್ಳುತ್ತಾ ಬರುತ್ತಿದ್ದರು. ನೋಡಿದವರು ನಿದ್ದೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಇಳಿದ ಮೇಲೆ ಬಾರದಿದ್ದ ಎರಡು ಮೂರಕ್ಕೆ ಗುರುತು ಹಾಕಿ, ಅವಷ್ಟನ್ನೇ ರಾತ್ರಿ ನೋಡುವುದು. ಮೂರು ದಿನ ಬಿಟ್ಟು ಅದೇ ಚೀಟಿ, ವಾರ ಬಿಟ್ಟು ಮತ್ತೊಮ್ಮೆ ಅದೇ ಚೀಟಿ. ಭಾನುವಾರ ಆರು ಗಂಟೆ ಬಿಡದೆ ಓದುವುದಕ್ಕಿಂತ ಈ ಅರ್ಧರ್ಧ ಗಂಟೆಗಳು ಹೆಚ್ಚು ಕೆಲಸ ಮಾಡುವುದಕ್ಕೆ ಕಾರಣವಿದೆ: ಒಂದಿಷ್ಟು ಮರೆತ ಮೇಲೆ ಕಷ್ಟಪಟ್ಟು ನೆನಪಿಗೆ ತಂದುಕೊಂಡದ್ದು ಗಟ್ಟಿಯಾಗಿ ನಿಲ್ಲುತ್ತದೆ, ಒಂದೇ ಕುಳಿತದಲ್ಲಿ ಆರು ಗಂಟೆ ಓದಿದವರಿಗೆ ಮರೆಯಲು ವ್ಯವಧಾನವೇ ಇರುವುದಿಲ್ಲ, ಹಾಗಾಗಿ ಎಲ್ಲವೂ ಬಂದಂತೆ ತೋರುತ್ತದೆ, ಗುರುವಾರದ ಹೊತ್ತಿಗೆ ಹೋಗಿರುತ್ತದೆ.

ಮಾಸ್ತರರ ಗೃಹಸಾಲ

ಅಕೌಂಟಿಂಗ್ ಅಂಡ್ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಪತ್ರಿಕೆಯ ಹೆಸರು ಹೇಳಿದರೆ ಕಲಾ ವಿಭಾಗದಿಂದ ಬಂದವರ ಮುಖ ಬಾಡುತ್ತದೆ, ಬಿಕಾಂ ಮಾಡಿದವರೂ ಬಾಂಡ್ ಬೆಲೆಯ ಲೆಕ್ಕ ಬಂದರೆ ಪುಟ ತಿರುವುತ್ತಾರೆ. ಸೂತ್ರಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳುವುದು ಇದಕ್ಕೆ ಎಲ್ಲರೂ ಕಂಡುಕೊಂಡ ಪರಿಹಾರ. ಸೂತ್ರ ಎದುರಿಗಿದ್ದೂ ಯಾವ ಲೆಕ್ಕಕ್ಕೆ ಯಾವುದು ಎಂದು ತಿಳಿಯದೆ ಕೂರುವುದು ಅದರ ಫಲ.

ಈ ತೊಡಕು ಬೇರೆ ರೀತಿಯಲ್ಲಿ ಬಿಡಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ನಿವೃತ್ತಿಗೆ ಹತ್ತಿರವಿದ್ದ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರು ಗೃಹಸಾಲದ ಸ್ಟೇಟ್‌ಮೆಂಟ್ ಹಿಡಿದು ನಮ್ಮ ಸಾಲ ವಿಭಾಗದ ಕಿರಿಯ ಅಧಿಕಾರಿಯ ಮುಂದೆ ಕುಳಿತರು. “ಸಾಹೇಬ್ರ, ಒಂದು ಕಂತೂ ತಪ್ಪಿಸಿಲ್ಲ. ವರ್ಷಾ ಆತು. ಅಸಲು ಅಲ್ಲೇ ನಿಂತೈತಲ್ಲ, ಇದೇನಿದು ಲೆಕ್ಕ?” ಕಿರಿಯ ಅಧಿಕಾರಿ ಮೊದಲು ಎಲ್ಲರೂ ಹೇಳುವ ಮಾತನ್ನೇ ಹೇಳಿದರು: “ಮೊದಮೊದಲು ಬಡ್ಡಿಗೇ ಹೆಚ್ಚು ಹೋಗುತ್ತದೆ ಸರ್, ಸಿಸ್ಟಮ್ ಹಾಗೇ ಇದೆ.” ಮಾಸ್ತರರು ಏಳಲಿಲ್ಲ. ಗಣಿತ ಕಲಿಸಿದ ಮನುಷ್ಯ. “ಸಿಸ್ಟಮ್ ಬಿಡ್ರಿ, ನೀವು ಬರದು ತೋರಸ್ರಿ” ಎಂದು ಒಂದು ಕಾಗದವನ್ನು ಮುಂದೆ ಸರಿಸಿದರು. ಮೊತ್ತ 10 ಲಕ್ಷ, ಬಡ್ಡಿ ಶೇಕಡ 9, ಅವಧಿ 20 ವರ್ಷ ಎಂದು ಲೆಕ್ಕಕ್ಕೆ ಹಿಡಿದು ಕಿರಿಯ ಅಧಿಕಾರಿ ಬರೆಯಲು ತೊಡಗಿದರು: ತಿಂಗಳ ಕಂತು ಸುಮಾರು 8,997 ರೂಪಾಯಿ. ಮೊದಲ ತಿಂಗಳ ಬಡ್ಡಿ 7,500. ಉಳಿದ 1,497 ಅಸಲಿಗೆ. ಎರಡನೆಯ ತಿಂಗಳು ಆ 1,497 ಕಳೆದ ಬಾಕಿಯ ಮೇಲೆ ಬಡ್ಡಿ 7,489, ಅಸಲಿಗೆ 1,508. ಹೀಗೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮಾಸ್ತರರೇ ಮುಂದಿನ ಸಾಲು ಹೇಳತೊಡಗಿದರು. ವರ್ಷಪೂರ್ತಿ ಕಟ್ಟಿದ್ದು ಹತ್ತಿರ ಹತ್ತಿರ 1,08,000, ಅದರಲ್ಲಿ ಅಸಲಿಗೆ ಸೇರಿದ್ದು 19,000ಕ್ಕೂ ಕಡಿಮೆ ಎಂಬಲ್ಲಿಗೆ ಇಬ್ಬರೂ ಬಂದರು. ಸಂತೋಷವಾಗುವ ಲೆಕ್ಕವಲ್ಲವಾದರೂ ಮಾಸ್ತರರು ಕಾಗದವನ್ನು ಮಡಚಿ ತೆಗೆದುಕೊಂಡು ಹೋದರು.

ಆ ಕಿರಿಯ ಅಧಿಕಾರಿಗೆ ಆನ್ಯುಟಿ (ಸಮನಾದ ಕಂತುಗಳ ಲೆಕ್ಕ) ಎಂಬ ಅಧ್ಯಾಯ ಹತ್ತಿದ್ದು ಆ ಸಂಜೆ. ಮುಂದೆ ಬರುವ ಕಂತುಗಳನ್ನೆಲ್ಲ ಇಂದಿನ ಬೆಲೆಗೆ ಇಳಿಸಿ ಕೂಡಿಸಿದರೆ ಬರುವುದೇ ಸಾಲದ ಮೊತ್ತ ಎಂದು ಕಂಡ ಮೇಲೆ ಬಾಂಡ್ ಬೆಲೆಗೆ ಹೊಸ ಸೂತ್ರ ಬೇಕಾಗಲಿಲ್ಲ. 100 ರೂಪಾಯಿ ಮುಖಬೆಲೆಯ, ವರ್ಷಕ್ಕೆ 8 ರೂಪಾಯಿ ಬಡ್ಡಿ ಕೊಡುವ, ಮೂರು ವರ್ಷ ಉಳಿದಿರುವ ಬಾಂಡನ್ನು ಮಾರುಕಟ್ಟೆಯಲ್ಲಿ ಶೇಕಡ 10 ಸಿಗುವಾಗ ಯಾರೂ ನೂರಕ್ಕೆ ಕೊಳ್ಳುವುದಿಲ್ಲ. ಮೊದಲ ವರ್ಷದ 8, ಎರಡನೆಯ ವರ್ಷದ 8, ಮೂರನೆಯ ವರ್ಷದ 108 ಮೂರನ್ನೂ ಶೇಕಡ 10ರಂತೆ ಇಂದಿಗೆ ಇಳಿಸಿದರೆ 7.27, 6.61, 81.14; ಕೂಡಿಸಿದರೆ ಸುಮಾರು 95.03. ಬಡ್ಡಿದರ ಏರಿದರೆ ಬಾಂಡ್ ಬೆಲೆ ಇಳಿಯುತ್ತದೆ ಎಂಬ, ಬಾಯಿಪಾಠ ಮಾಡಿದವರೂ ಪರೀಕ್ಷೆಯಲ್ಲಿ ತಿರುವುಮುರುವು ಮಾಡುವ ಮಾತು ಈ ಮೂರು ಸಾಲು ಬರೆದವರಿಗೆ ತಪ್ಪುವುದಿಲ್ಲ. ಲೆಕ್ಕದ ಪತ್ರಿಕೆಗೆ ನಾನು ಹೇಳುವುದು ಇಷ್ಟೇ: ಬಿಡಿಸಿದ ಉದಾಹರಣೆಯನ್ನು ಓದುವುದು ಬೇಡ. ಪ್ರಶ್ನೆಯನ್ನು ಮಾತ್ರ ನೋಡಿ, ಉತ್ತರದ ಮೇಲೆ ಕಾಗದ ಮುಚ್ಚಿ, ತಪ್ಪಾದರೂ ಕೊನೆಯವರೆಗೆ ಬಿಡಿಸಿ. ಬೇರೆಯವರು ಬಿಡಿಸಿದ್ದನ್ನು ಕಣ್ಣಿನಿಂದ ಹಿಂಬಾಲಿಸುವಾಗ ಪ್ರತಿ ಹೆಜ್ಜೆಯೂ ಸಹಜವೆನಿಸುತ್ತದೆ. ಮೊದಲ ಹೆಜ್ಜೆ ಯಾವುದೆಂದು ಆರಿಸುವ ಕಷ್ಟವನ್ನು ಅವರೇ ತೀರಿಸಿಟ್ಟಿರುತ್ತಾರೆ.

ಆರಿಸುವ ಕಷ್ಟದ ಇನ್ನೊಂದು ಉದಾಹರಣೆ ಸಾಲದ ಭದ್ರತೆಯ ಅಧ್ಯಾಯಗಳು. ಪ್ಲೆಡ್ಜ್ ಒಂದು ದಿನ, ಹೈಪಾಥಿಕೇಷನ್ ಮಾರನೆಯ ದಿನ, ಮಾರ್ಟ್‌ಗೇಜ್ ಮುಂದಿನ ವಾರ ಎಂದು ಓದಿದವರಿಗೆ ಬಿಡಿಯಾಗಿ ಎಲ್ಲ ಗೊತ್ತು, ಒಟ್ಟಿಗೆ ಕೇಳಿದರೆ ಗೊಂದಲ. ಇವನ್ನು ಬೆರೆಸಿಯೇ ಓದಬೇಕು. ನಮ್ಮ ಶಾಖೆಯಲ್ಲೇ ಎಲ್ಲವೂ ಇವೆ: ಅಡವಿಟ್ಟ ಚಿನ್ನ ನಮ್ಮ ಸೇಫಿನಲ್ಲಿದೆ, ಹಾಗಾಗಿ ಪ್ಲೆಡ್ಜ್, ಸಾಲದ ಟ್ರ್ಯಾಕ್ಟರ್ ರೈತನ ಹೊಲದಲ್ಲೇ ಓಡಾಡುತ್ತಿದೆ, ಹಾಗಾಗಿ ಹೈಪಾಥಿಕೇಷನ್, ಮನೆ, ಜಮೀನಾದರೆ ಮಾರ್ಟ್‌ಗೇಜ್, ಎಲ್‌ಐಸಿ ಪಾಲಿಸಿಯಾದರೆ ಅಸೈನ್‌ಮೆಂಟ್. ವಸ್ತು ಯಾರ ವಶದಲ್ಲಿದೆ, ಅದು ಸ್ಥಿರವೋ ಚರವೋ, ಬರೀ ಹಕ್ಕೋ ಎಂಬ ಮೂರು ಪ್ರಶ್ನೆ ಹಾಕಿದರೆ ಹೆಚ್ಚಿನವು ಬೇರ್ಪಡುತ್ತವೆ. ಸಾಲದ ಫೈಲುಗಳ ಕಪಾಟಿನ ಮುಂದೆ ನಿಂತು ಯಾವುದೋ ಒಂದನ್ನು ಎಳೆದು, ಇದು ಯಾವುದು, ಏಕೆ ಎಂದು ಕೇಳಿಕೊಳ್ಳುವುದು ಎರಡು ನಿಮಿಷದ ಕೆಲಸ.

ವಾಟ್ಸಾಪಿಗೆ ಬರುವ ಪಿಡಿಎಫ್

ಪ್ರತಿ ಪರೀಕ್ಷೆಯ ಸಂಜೆ ‘ರೀಕಲೆಕ್ಟೆಡ್ ಕ್ವೆಶ್ಚನ್ಸ್’ ಹೆಸರಿನ ಪಿಡಿಎಫ್‌ಗಳು ಗುಂಪಿನಿಂದ ಗುಂಪಿಗೆ ಹಾರುತ್ತವೆ. ಬರೆದು ಬಂದವರು ನೆನಪಿನಿಂದ ಹೇಳಿದ ಪ್ರಶ್ನೆಗಳು, ಯಾರೋ ಸೇರಿಸಿದ ಉತ್ತರಗಳು. ಇವನ್ನು ಮುಟ್ಟಲೇಬಾರದು ಎನ್ನುವಷ್ಟು ಮಡಿವಂತಿಕೆ ನನಗಿಲ್ಲ. ಯಾವ ಬಗೆಯಲ್ಲಿ ಕೇಳುತ್ತಾರೆ ಎಂಬ ಅಂದಾಜು ಸಿಗುತ್ತದೆ. ಆದರೆ ಇವುಗಳಲ್ಲಿ ಹಳತಾದ ಉತ್ತರಗಳು ಬಹಳ. ಠೇವಣಿ ವಿಮೆಯ ಮಿತಿ 2020ರ ಫೆಬ್ರವರಿ 4ರಿಂದ 5 ಲಕ್ಷವಾಗಿದ್ದರೂ 1 ಲಕ್ಷ ಎಂದೇ ಗುರುತು ಹಾಕಿದ ಪಟ್ಟಿಯೊಂದು ತೀರಾ ಇತ್ತೀಚೆಗೆ ನನ್ನ ಫೋನಿಗೂ ಬಂತು. ಇನ್ನೊಂದು ಕಡೆ, ನಿನ್ನೆ ಬಂದ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನೂ ಬಿಡದೆ ಓದಿ ಗಾಬರಿಯಾಗುವವರಿದ್ದಾರೆ. ಪರೀಕ್ಷೆ ನಡೆಸುವ ಸಂಸ್ಥೆಯೇ ಇದಕ್ಕೆ ಗಡಿ ಹಾಕಿದೆ: ಫೆಬ್ರವರಿಯಿಂದ ಜುಲೈವರೆಗಿನ ಪರೀಕ್ಷೆಗಳಿಗೆ ಹಿಂದಿನ ಡಿಸೆಂಬರ್ 31ರವರೆಗಿನ ಬದಲಾವಣೆಗಳು, ಆಗಸ್ಟ್‌ನಿಂದ ಜನವರಿವರೆಗಿನ ಪರೀಕ್ಷೆಗಳಿಗೆ ಜೂನ್ 30ರವರೆಗಿನವು. ಈ ಒಂದು ಸಾಲನ್ನು ಓದಿಕೊಂಡರೆ ಕೊನೆಯ ತಿಂಗಳ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಪಿಡಿಎಫ್ ಆಗಲಿ ಮಾಕ್ ಟೆಸ್ಟ್ ಆಗಲಿ, ಅಂಕ ನೋಡಿ ಮುಚ್ಚಿಡುವವರೇ ಬಹಳ. 58 ಬಂತು, ಪಾಸಾಯಿತು, ಮುಂದಿನದಕ್ಕೆ ಹೋಗೋಣ ಎಂಬ ಧೋರಣೆ. ತಪ್ಪಾದ ಆ 42 ಪ್ರಶ್ನೆಗಳಲ್ಲೇ ಇರುವುದು ಕಲಿಯಬೇಕಾದದ್ದು. ಅವುಗಳಲ್ಲಿ ಕೆಲವು ಕೇಳಿಯೇ ಇರದ ವಿಷಯ, ಕೆಲವು ಗೊತ್ತಿದ್ದೂ ಪಕ್ಕದ ವಿಷಯದೊಂದಿಗೆ ಕಲಸಿಹೋದವು, ಕೆಲವು ‘ನಾಟ್’ ಎಂಬ ಪದವನ್ನು ನೋಡದೆ ಬಿಟ್ಟಿದ್ದರಿಂದ ಹೋದವು. ಮೂರಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಓದಬೇಕು, ಎರಡನೆಯದಕ್ಕೆ ಎರಡನ್ನೂ ಅಕ್ಕಪಕ್ಕ ಇಟ್ಟು ಬರೆಯಬೇಕು, ಮೂರನೆಯದಕ್ಕೆ ಓದಿನಿಂದ ಏನೂ ಆಗುವುದಿಲ್ಲ, ಗಡಿಯಾರ ಇಟ್ಟುಕೊಂಡು ಟೆಸ್ಟ್ ಬರೆದು ಕಣ್ಣನ್ನು ಪಳಗಿಸಬೇಕು. ನೂರು ಪ್ರಶ್ನೆಗೆ 120 ನಿಮಿಷ ಎಂದರೆ ಪ್ರಶ್ನೆಗೆ 72 ಸೆಕೆಂಡು. ಲೆಕ್ಕದ ಪ್ರಶ್ನೆ ಮೂರು ನಿಮಿಷ ನುಂಗುವುದರಿಂದ ಉಳಿದವನ್ನು ಅರ್ಧ ನಿಮಿಷದೊಳಗೆ ಮುಗಿಸುವ ರೂಢಿ ಮನೆಯಲ್ಲೇ ಆಗಬೇಕು. ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬಾರದೆಂಬುದನ್ನು ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಅಂಕ ಕಡಿತವಿಲ್ಲ ಎಂದು ತಿಳಿದೂ ಸಂಕೋಚದಿಂದ ಏಳೆಂಟನ್ನು ಬಿಟ್ಟು ಬಂದವರನ್ನು ಕಂಡ ಮೇಲೆ ಪ್ರತಿ ಸಲವೂ ಹೇಳುತ್ತೇನೆ.

ನಾಲ್ಕೂ ಒಟ್ಟಿಗೆ ಬರೆಯಬೇಕೆ?

ಇದು ಗಂಟೆಗಳ ಪ್ರಶ್ನೆಗಿಂತ ಕೇಳಬೇಕಾದ ಪ್ರಶ್ನೆ. ಪಾಸಾಗಲು ಪ್ರತಿ ಪತ್ರಿಕೆಗೆ 50 ಬೇಕು. ಆದರೆ ಎಲ್ಲ ಪತ್ರಿಕೆಗಳನ್ನೂ ಒಂದೇ ಸಲಕ್ಕೆ ಬರೆದು, ಪ್ರತಿಯೊಂದರಲ್ಲೂ ಕನಿಷ್ಠ 45 ತೆಗೆದು, ಒಟ್ಟು ಸರಾಸರಿ ಶೇಕಡ 50 ಮುಟ್ಟಿದರೂ ಪಾಸು. ಎರಡೆರಡಾಗಿ ಒಡೆದು ಬರೆಯುವವರು ಈ ಐದು ಅಂಕಗಳ ಆಸರೆಯನ್ನು ಬಿಟ್ಟುಕೊಡುತ್ತಾರೆ. ರೀಟೇಲ್ ಬ್ಯಾಂಕಿಂಗ್ ಪತ್ರಿಕೆಯಲ್ಲಿ 60 ಬರುವ ಭರವಸೆ ಇರುವವರಿಗೆ ಲೆಕ್ಕದ 46ನ್ನು ಅದು ಎತ್ತಿಹಿಡಿಯಬಲ್ಲದು. ಹಾಗೆಂದು ಎರಡು ತಿಂಗಳ ಮಗುವನ್ನು ಮಡಿಲಲ್ಲಿಟ್ಟುಕೊಂಡವರಿಗೋ ಹೊಸ ಊರಿಗೆ ಈಗಷ್ಟೇ ವರ್ಗವಾದವರಿಗೋ ನಾಲ್ಕನ್ನೂ ಹೊರಿಸುವುದು ಸರಿಯಲ್ಲ. ಎರಡನ್ನೇ ಗಟ್ಟಿಯಾಗಿ ಬರೆದು ಮುಗಿಸುವುದರಲ್ಲಿ ಅವಮಾನವೇನೂ ಇಲ್ಲ.

ನಾಲ್ಕರಲ್ಲಿ ನಾನು ಮನಸಾರೆ ಒಪ್ಪದ ಪತ್ರಿಕೆ ಒಂದಿದೆ: ಇಂಡಿಯನ್ ಎಕಾನಮಿ ಅಂಡ್ ಇಂಡಿಯನ್ ಫೈನಾನ್ಷಿಯಲ್ ಸಿಸ್ಟಮ್. ಯೋಜನೆಗಳ ಹೆಸರು, ಸಮಿತಿಗಳ ಹೆಸರು, ಸಂಸ್ಥೆಗಳ ಸ್ಥಾಪನೆಯ ವರ್ಷಗಳಿಂದ ಅದು ಕಿಕ್ಕಿರಿದಿದೆ. ಮೇಲೆ ಹೇಳಿದ ಯಾವ ವಿಧಾನವೂ ಅಲ್ಲಿ ಅಷ್ಟಾಗಿ ಫಲಿಸುವುದಿಲ್ಲ, ಏಕೆಂದರೆ ಕೌಂಟರಿಗೂ ಅದಕ್ಕೂ ನಂಟು ಕಡಿಮೆ, ಕಾರಣ ಹಿಡಿದು ಕಟ್ಟಿಕೊಳ್ಳಬಹುದಾದದ್ದೂ ಕಡಿಮೆ. ಉಳಿಯುವುದು ಚೀಟಿ ಮತ್ತು ಬಾಯಿಪಾಠ. ಅದರಲ್ಲಿ 70 ತೆಗೆಯುವ ಹಟಕ್ಕೆ ಬಿದ್ದು ಚಳಿಗಾಲವನ್ನೆಲ್ಲ ಅದಕ್ಕೇ ಕೊಟ್ಟು, ಲೆಕ್ಕದ ಪತ್ರಿಕೆಗೆ ಏಪ್ರಿಲ್‌ನ ಕೊನೆಯ ವಾರವನ್ನು ಉಳಿಸಿಕೊಂಡವರನ್ನು ನೋಡಿದ್ದೇನೆ. ಕೇಳಲು ಬಂದವರಿಗೆ ಈಗ ಇದನ್ನು ತಿರುಗಿಸಿ ಹೇಳುತ್ತೇನೆ: ಡಿಸೆಂಬರ್‌ನಲ್ಲೇ ಲೆಕ್ಕ ಆರಂಭಿಸಿ, ಕ್ಲೋಸಿಂಗ್‌ನ ಗಡಿಬಿಡಿಯಲ್ಲೂ ದಿನಕ್ಕೆ ಎರಡು ಲೆಕ್ಕ ಬಿಡದೆ ಬಿಡಿಸಿ, ಎಕಾನಮಿಯನ್ನು ಕೊನೆಯ ಮೂರು ವಾರಕ್ಕೆ ಇಟ್ಟುಕೊಂಡು 50ಕ್ಕೆ ಸಾಕಾಗುವಷ್ಟು ಮಾತ್ರ ಓದಿ.